ಅಜ್ಜಿಯಾದ ಅರ್ಜಿ

ಬೈಲಹೊಂಗಲದಲ್ಲಿ ಜನರಿಗೆ ಅರ್ಜಿ ಟೈಪು ಮಾಡಿಕೊಡುತ್ತಿದ್ದ ಸಿದ್ಧಾರೂಢನ ಫಜೀತಿ ಶುರುವಾದದ್ದು ಒಬ್ಬ ಅಜ್ಜಿಯಿಂದ. ಅವನ ಕಂಪ್ಯೂಟರಿನಲ್ಲಿ ಕನ್ನಡದ ತಪ್ಪು ತಿದ್ದುವ ಪುಕ್ಕಟೆ ತಂತ್ರಾಂಶವೊಂದಿತ್ತು. ಅದಕ್ಕೆ 'ಅರ್ಜಿ' ಗೊತ್ತಿರಲಿಲ್ಲ. ಕಂಡಲ್ಲೆಲ್ಲ 'ಅಜ್ಜಿ' ಮಾಡುತ್ತಿತ್ತು. 'ನನ್ನ ಅಜ್ಜಿಯನ್ನು ಬೇಗನೆ ವಿಲೇವಾರಿ ಮಾಡಬೇಕು' ಎಂಬ ಕಾಗದ ಸಾಹೇಬರ ಮೇಜು ಮುಟ್ಟಿದ ದಿನ ಅವನು ಮುಖ ಮುಚ್ಚಿಕೊಂಡು ಮನೆ ಸೇರಿದ.

ಆ ತಂತ್ರಾಂಶವನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು ಎಂದು ಹೇಳಿದವನು ಸೈಬರ್ ಕೆಫೆಯ ಭರಮಪ್ಪ. ಸಿದ್ಧಾರೂಢ 'ಅರ್ಜಿ' ಸೇರಿಸಿ ಕಳಿಸಿದ. ಮರುದಿನವೇ, ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಶೀತಲ ಎಂಬಾಕೆಯ ಉತ್ತರ ಬಂತು: 'ಛಲೋ ಹಿಡಿದ್ರಿ. ಸೇರಿಸೇನಿ.'

ಮೂವತ್ತಾರು ವರ್ಷದಲ್ಲಿ ಅವನಿಗೆ ಯಾರೂ ಛಲೋ ಎಂದಿರಲಿಲ್ಲ. ಅಂದಿನಿಂದ ದಿನಕ್ಕೆರಡು ತಪ್ಪು ಹುಡುಕಿ ಕಳಿಸುವುದು, ಉತ್ತರಕ್ಕಾಗಿ ಬಸ್ಸು ತಪ್ಪಿದವನಂತೆ ಕೆಫೆಯ ಬಾಗಿಲಲ್ಲಿ ನಿಲ್ಲುವುದು. ತಪ್ಪು ಸಿಗದ ದಿನ ಊಟ ಸೇರುತ್ತಿರಲಿಲ್ಲ.

2007ರ ಒಂದು ಬೆಳಿಗ್ಗೆ ಕೆಫೆಯ ಕಂಪ್ಯೂಟರಿಗೆ ಆಕೆಯ ಪತ್ರ ಬಂತು: 'ಸವದತ್ತಿಯಿಂದ ಇವತ್ತ ನಾಲ್ಕರ ಬಸ್ಸಿಗೆ ಬರತೇನಿ. ಕೆಫೇದಾಗ ಸಿಗ್ರಿ. ಮುಖ್ಯ ಮಾತು ಐತಿ.'

ಸಮುದ್ರದಾಚೆ ಎಲ್ಲೋ ಇದ್ದಾಳೆ ಎಂದುಕೊಂಡಿದ್ದಾಕೆ ಸವದತ್ತಿಯವಳು! ಭರಮಪ್ಪ ಪತ್ರವನ್ನು ಗಟ್ಟಿಯಾಗಿ ಓದಿದ. ಪಕ್ಕದ ಮನೆಯ ಸುಂದರವ್ವ ಬಾಗಿಲಲ್ಲೇ ಇದ್ದಳು.

"ಹುಡುಗಿ ತಾನs ಬರಾಕತ್ಯಾಳಂದ್ರ ಇನ್ನೇನ್ ಕೇಳೂದೈತಿ? ಆ ಅಂಗಿ ತಗಿಯೋ ಮೊದಲ!"

"ತಂತ್ರಾಂಶದ ಮಾತ ಇದ್ದೀತಬೇ..."

"ಅದನ್ನ ಲಗ್ನಾದಮ್ಯಾಲೆ ಮಾತಾಡ್ರಿ."

ಕ್ಷೌರದವನು ಅವಸರದಲ್ಲಿ ಒಂದು ಬದಿಯ ಮೀಸೆ ಹೆಚ್ಚು ಕತ್ತರಿಸಿದ. ಸರಿದೂಗಿಸಲು ಹೋಗಿ ಎರಡೂ ಬದಿ ಹೋದವು. ಭರಮಪ್ಪನ ಮದುವೆಯ ಕೋಟಿನಲ್ಲಿ ಸಿದ್ಧಾರೂಢ ಸಂತೆಚೀಲದೊಳಗಿನ ಒಂದೇ ಸೌತೆಕಾಯಿಯಂತೆ ಕಂಡ. ನಾಲ್ಕಕ್ಕೆ ಸರಿಯಾಗಿ ಕರೆಂಟೂ ಹೋಯಿತು.

ಶೀತಲ ಬಂದಳು. ಸಾದಾ ಸೀರೆ, ಹೆಗಲಿಗೆ ಚೀಲ. "ಸಿದ್ಧಾರೂಢ ಅವರು ಯಾರ್ರಿ?"

ಊರೆಲ್ಲ ಸಿದ್ಯಾ ಎನ್ನುತ್ತಿದ್ದ ತನ್ನ ಹೆಸರು ಅಷ್ಟು ಚೆಂದ ಇದೆಯೆಂದು ಅವನಿಗೆ ಆಗಲೇ ಗೊತ್ತಾದದ್ದು. "ನಾನs ರಿ."

"ನಿಮ್ಮಷ್ಟು ಅಕ್ಕರತಿಯಿಂದ ತಪ್ಪು ಹುಡುಕೋರು ಯಾರೂ ಸಿಗಲಿಲ್ಲರಿ. ನಿಮ್ಮನ್ನ ಬಿಟ್ಟು..." ಎಂದು ಆಕೆ ತಡೆದಳು. ಸುಂದರವ್ವ ಶಿರಾದ ತಾಟು ಮುಂದೆ ಚಾಚಿದಳು.

"...ಯಾರ ಕೈಯಾಗೂ ಇದನ್ನ ಕೊಡಾಕ ಮನಸಿಲ್ಲ." ಪಾಸ್‌ವರ್ಡು ಬರೆದ ಚೀಟಿಯನ್ನು ಅವನ ಕೈಗಿಟ್ಟಳು. "ಇನ್ನಮ್ಯಾಲೆ ತಂತ್ರಾಂಶಾ ನೀವs ನೋಡ್ಕೋರಿ. ಮುನ್ನೂರಾ ಹತ್ತು ತಕರಾರು ಬಾಕಿ ಅದಾವ. ಬರೂ ತಿಂಗಳ ನನ್ನ ಲಗ್ನ. ಹೋಗೂ ಮನ್ಯಾಗ ಕಂಪ್ಯೂಟರಿಲ್ಲ."

ಸುಂದರವ್ವನ ತಾಟು ಮೆಲ್ಲಗೆ ಹಿಂದೆ ಸರಿಯಿತು.

ಶೀತಲ ಚೀಲದಿಂದ ಇನ್ನೊಂದು ಹಾಳೆ ತೆಗೆದಳು. "ಇದು ಲಗ್ನಪತ್ರಿಕಿರಿ. ನಾಳೆ ಛಾಪಖಾನೆಗೆ ಕೊಡಬೇಕು. ನಿಮ್ಮ ಕಣ್ಣಿಗೆ ಬಿದ್ರ ತಪ್ಪು ಉಳಿಯೂದಿಲ್ಲ. ಒಂದೀಟು ನೋಡಿಕೊಡ್ರಿ."

ಸಿದ್ಧಾರೂಢ ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದ. ಒಂದಾದರೂ ತಪ್ಪು ಸಿಗಲಿ ಎಂದು, ವರನ ಹೆಸರಿನ ಮೇಲೆ ಬೆರಳಿಟ್ಟು ಮೂರು ಸಲ ಓದಿದ.

"ಎಲ್ಲಾ ಬರೋಬರಿ ಐತ್ರಿ," ಎಂದ.