ಮಾಲಕರಿಗೆ ಶುಗರ್ ಇದೆ

ನಮ್ಮ ಸೋದರಮಾವನ ರಕ್ತದಲ್ಲಿರುವ ಸಕ್ಕರೆಗೆ ಅವರೊಬ್ಬರನ್ನು ಬಿಟ್ಟು ಖಾನಾಪುರದ ಎಲ್ಲರೂ ಕಾರಣ! ಇದು ನನ್ನ ಮಾತಲ್ಲ, ಅವರದೇ ಸಂಶೋಧನೆ. ಮಾವ ಖಾನಾಪುರದ ಪೇಟೆಯಲ್ಲಿ ಮೂವತ್ತು ವರ್ಷಗಳಿಂದ ಹೆಣ್ಣುಮಕ್ಕಳ ಬ್ಲೌಜು ಹೊಲಿಯುವ ಟೇಲರು. ಹೊಲಿಗೆಗೆ ಹೆಸರುವಾಸಿ, ಹೇಳಿದ ದಿನಕ್ಕೆ ಕೊಡದಿರುವುದಕ್ಕೆ ಇನ್ನೂ ಹೆಸರುವಾಸಿ.

ತಪ್ಪೆಲ್ಲ ಡಾಕ್ಟರದ್ದು ಅನ್ನಬೇಕು. ಶುಗರ್ ಪತ್ತೆಯಾದ ದಿನ ಅವರು ಹೇಳಿದ್ದು ಎರಡೇ ಮಾತು. "ಸಿಹಿ ಬಿಡ್ರಿ. ಟೆನ್ಶನ್ ಮಾಡ್ಕೋಬ್ಯಾಡ್ರಿ, ಟೆನ್ಶನ್ ಆದ್ರೂ ಶುಗರ್ ಏರತದ." ಮಾವನಿಗೆ ಕೇಳಿಸಿದ್ದು ಎರಡನೆಯದು ಮಾತ್ರ. ಮೊದಲನೆಯದನ್ನು ಹೇಳುವಾಗ ಹೊರಗೆ ಬಸ್ಸು ಹಾರ್ನ್ ಹೊಡೆಯಿತಂತೆ!

ಮರುದಿನವೇ ಅಂಗಡಿಯಲ್ಲಿ ಬೋರ್ಡು ಬಂತು: "ಮಾಲಕರಿಗೆ ಶುಗರ್ ಇದೆ. ಬ್ಲೌಜು ಯಾವಾಗ ಕೊಡುತ್ತೀರಿ ಎಂದು ಕೇಳಬಾರದು." ಕೆಳಗೆ ಮರಾಠಿಯಲ್ಲೂ ಅದೇ. ಯಾರಿಗೂ ಅನ್ಯಾಯವಾಗಬಾರದಲ್ಲ! ಅದನ್ನು ಓದಿ ಎಷ್ಟೋ ಜನ ಪಾಪ ಎಂದು ತಿರುಗಿ ಹೋದರು. ಹತ್ತಿರದ ಪಾರಿಶ್ವಾಡ ಹಳ್ಳಿಯ ಹೆಣ್ಣುಮಗಳೊಬ್ಬಳು ಮಾತ್ರ ಹೋಗಲಿಲ್ಲ.

"ಅಣ್ಣಾರ, ನಾಡಿದ್ದ ಮಗಳ ಮದವಿ ಐತ್ರಿ" ಅಂದಳು.

ಮಾವ ಬೋರ್ಡು ತೋರಿಸಿದರು.

"ನಿಮಗ ಶುಗರ್ ಇದ್ರ ನನಗ ಬೀಪಿ ಐತ್ರಿ! ಇಲ್ಲೇ ಬಿದ್ನೆಂದ್ರ ಯಾರ ಹೊಣಿ?" ಎನ್ನುತ್ತ ಆಕೆ ಸ್ಟೂಲಿನ ಮೇಲೆ ಕುಳಿತೇಬಿಟ್ಟಳು. ಬೀಪಿಯ ಮುಂದೆ ಶುಗರ್ ಏನು ಮಾಡೀತು? ಸಂಜೆಯೊಳಗೆ ಆಕೆಯ ನಾಲ್ಕೂ ಬ್ಲೌಜು ತಯಾರಾದವು.

ಶುಗರ್ ನೋಡುವ ಮಷೀನು ತಂದುಕೊಟ್ಟ ಪಾಪ ನನ್ನದು. ನಾನು ಬೆಳಗಾವಿಯಲ್ಲಿರುವವನು, ರಜೆಯ ದಿನ ಅದನ್ನು ಹಿಡಿದುಕೊಂಡು ಖಾನಾಪುರಕ್ಕೆ ಹೋದೆ. ಮಾವ ಆಗಲೇ ಯಾರ ಕೈಯಿಂದಲೋ ಒಂದು ಡಬ್ಬಿ ಕುಂದಾ ಮಿಠಾಯಿ ತರಿಸಿಟ್ಟಿದ್ದರು. ನನ್ನೆದುರಿಗೇ ಒಂದು ದೊಡ್ಡ ತುತ್ತು ನುಂಗಿ, ತಕ್ಷಣ ಬೆರಳು ಚುಚ್ಚಿಕೊಂಡರು. ನೂರಾ ಮೂವತ್ತು.

"ನೋಡಿದ್ಯಾ? ಕುಂದಾದ್ದು ಏನೂ ತಪ್ಪಿಲ್ಲ!"

ಉಳಿದದ್ದನ್ನೂ ಖಾಲಿ ಮಾಡಿದರು. ಎರಡು ತಾಸಿನ ಮೇಲೆ ಸಂತೆಯಿಂದ ಬಂದ ಅತ್ತೆ ಖಾಲಿ ಡಬ್ಬಿ ನೋಡಿ ಬೈಯತೊಡಗಿದರು. ಬೈಗುಳ ನಡೆದಿರುವಾಗಲೇ ಮಾವ ಇನ್ನೊಂದು ಬೆರಳು ಚುಚ್ಚಿದರು. ಇನ್ನೂರಾ ನಲವತ್ತು!

"ಬರಕೋ! ನಿಮ್ಮತ್ತಿದು ನೂರಾ ಹತ್ತ ಪಾಯಿಂಟ್!"

"ಮಾವಾ, ಕುಂದಾ ರಕ್ತಕ್ಕ ಇಳೀಲಿಕ್ಕೆ ಹೊತ್ತ ಬೇಕಲ್ಲ" ಎಂದೆ.

"ನೀ ಸುಮ್ಕಿರು. ನಿಂದೂ ಒಂದ ಹತ್ತ ಪಾಯಿಂಟ್ ಹಿಡದೀನಿ" ಎಂದರು.

ಹೀಗೆ ನಗುತ್ತಲೇ ದಿನಗಳು ಹೋಗುತ್ತಿದ್ದವು. ಒಂದು ದಿನ ಮಾವ ಸೂಜಿಗೆ ದಾರ ಪೋಣಿಸಲಾಗದೆ ಕುಳಿತುಬಿಟ್ಟರು. ಎರಡೂ ಕಣ್ಣಿಗೆ ದಟ್ಟ ಪೊರೆ. ಟೇಲರನಿಗೆ ಕಣ್ಣಿಲ್ಲದಿದ್ದರೆ ಇನ್ನೇನು ಉಳಿಯಿತು? ಬೆಳಗಾವಿಯ ಕಣ್ಣಿನ ಡಾಕ್ಟರು ಆಪರೇಶನ್ನಿಗೆ ದಿನ ಕೊಟ್ಟರು. ಆ ಬೆಳಗ್ಗೆ ಶುಗರ್ ಇನ್ನೂರರೊಳಗೆ ಇರಬೇಕು ಎಂಬುದೊಂದೇ ಅವರ ಕರಾರು.

ಖಾನಾಪುರದಲ್ಲಿ ಹೊರಡುವಾಗ ನೂರಾ ನಲವತ್ತು ಇತ್ತು. ನನ್ನ ಕಾರಿನಲ್ಲಿ ಕೂರಿಸಿಕೊಂಡು ಬೆಳಗಾವಿಗೆ ತಂದರೆ ಇನ್ನೂರಾ ಅರವತ್ತು! ಡಾಕ್ಟರು ವಾಪಸು ಕಳಿಸಿದರು. ಎರಡನೆಯ ಸಲ ಇನ್ನೂರಾ ಎಂಬತ್ತು. ಒಂದು ತಾಸಿನ ಹಾದಿಯಲ್ಲಿ ಇಷ್ಟು ಸಕ್ಕರೆ ಎಲ್ಲಿಂದ ಬಂತು?

"ಹಾದ್ಯಾಗ ಏನ ತಿಂದ್ರಿ? ಖರೇ ಹೇಳ್ರಿ!" ಎಂದು, ಹಾದಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ತೂಕಡಿಸಿದ್ದ ಅತ್ತೆ ಆಸ್ಪತ್ರೆಯ ಬಾಗಿಲಲ್ಲೇ ಮಾವನ ಕಿಸೆ ತಪಾಸಣೆ ಮಾಡಿದರು. ಸಿಕ್ಕಿದ್ದು ಅಳತೆಯ ಟೇಪು, ಎರಡು ಹುಕ್ಕು, ಬಟ್ಟೆಗೆ ಗುರುತು ಹಾಕುವ ಬಿಳಿ ಚಾಕಿನ ತುಂಡು. ಪೇಢೆ ಇದ್ದೀತೆಂದು ಆ ತುಂಡನ್ನೂ ಮೂಸಿ ನೋಡಿದರು! ಆಮೇಲೆ ನನ್ನ ಕಡೆ ತಿರುಗಿ, "ನೀನ ಕೊಡಸಿರಬೇಕು" ಎಂದರು. ನಾನು ಕಾರಿನ ಡಿಕ್ಕಿ ತೆಗೆದು ತೋರಿಸಬೇಕಾಯಿತು.

ಮೂರನೆಯ ಸಲ ಇನ್ನೂರಾ ಎಪ್ಪತ್ತು ಬಂದಾಗ ಅತ್ತೆಯ ದನಿ ಒಡೆಯಿತು. "ನಿಮಗ ಕಣ್ಣ ಬ್ಯಾಡಾಗ್ಯಾವೇನ್ರಿ?"

ಮಾವ ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತುಬಿಟ್ಟರು.

"ದೇವರಾಣಿ ಏನೂ ತಿಂದಿಲ್ಲ. ಅಂಜಿಕಿ ಬರತೈತಿ. ಪೊರಿ ದಪ್ಪ ಐತಿ, ಹಿಂದಿನ ನರ ಶುಗರಿಗೆ ಕೆಟ್ಟಾವೋ ಏನೋ, ಪೊರಿ ತಗದ ಮ್ಯಾಲೆ ಗೊತ್ತಾಗೂದು ಅಂತ ಡಾಕ್ಟರ್ ಅಂದಿದ್ರು. ಈಗ ಕಾಣವಲ್ದಂದ್ರ ಪೊರಿ ಐತಿ ಅಂತ ಸಮಾಧಾನ ಮಾಡ್ಕೋತೀನಿ. ತಗದ ಮ್ಯಾಲೂ ಕಾಣಲಿಲ್ಲಂದ್ರ? ಈ ಬಾಗಲಾ ನೋಡಿದ ಕೂಡ್ಲೆ ಎದಿ ಹೊಡ್ಕೊಳ್ಳಾಕ ಹತ್ತತೈತಿ. ಅವತ್ತ ಕುಂದಾ ತಿಂದಾಂವ ನಾ, ತಪ್ಪ ನಿಮ್ಮ ಮ್ಯಾಲೆಲ್ಲ ಹಾಕಿದೆ."

ನನಗೆ ಬಹಳ ನಾಚಿಕೆಯಾಯಿತು. ಅವರ ಕಿಸೆ ಹುಡುಕಿದೆವು, ಮುಖ ನೋಡಿರಲಿಲ್ಲ. ಅತ್ತೆ ಬಾಜೂಕೆ ಕುಳಿತು ಅವರ ಕೈ ಹಿಡಿದರು. "ಕಂಡ್ರ ಕಂಡೀತು, ಇಲ್ಲಂದ್ರ ನಾ ಇಲ್ಲೇನ? ಅಂಜಬ್ಯಾಡ್ರಿ."

ವಿಷಯ ತಿಳಿದ ಡಾಕ್ಟರು, "ಮೊದ್ಲ ಹೇಳೂದಲ್ರೀ? ಅಂಜಿಕಿಗೂ ಏರತದ" ಎಂದು ಸಣ್ಣ ಇಂಜೆಕ್ಷನ್ ಕೊಡಿಸಿ, ಮಧ್ಯಾಹ್ನ ಮತ್ತೆ ನೋಡೋಣ ಎಂದರು. ಅತ್ತೆ ಅಷ್ಟು ಹೊತ್ತೂ ಆ ಕೈ ಬಿಡಲಿಲ್ಲ. ಮಧ್ಯಾಹ್ನ ನೂರಾ ಎಂಬತ್ತು. ಇಂಜೆಕ್ಷನ್ನಿಗೆ ಇಳಿಯಿತೋ, ಹೇಳಿಕೊಂಡದ್ದಕ್ಕೆ ಇಳಿಯಿತೋ ನನಗೆ ಗೊತ್ತಿಲ್ಲ. ಅವತ್ತೇ ಬಲಗಣ್ಣಿನ ಆಪರೇಶನ್ ಆಯಿತು.

ಮರುದಿನ ನರ್ಸಮ್ಮ ಪಟ್ಟಿ ಬಿಚ್ಚಿದರು. ಮಾವ ಕಣ್ಣು ಪಿಳಿಪಿಳಿ ಮಾಡಿ ಕಿಟಕಿ ನೋಡಿದರು, ಗೋಡೆ ನೋಡಿದರು, ಆಮೇಲೆ ಅತ್ತೆಯ ಕಡೆ ತಿರುಗಿದರು. ಮಾವ ಹುಬ್ಬು ಗಂಟಿಕ್ಕಿದರು.

"ಏ, ಈ ಬ್ಲೌಜಿನ ತೋಳ ಸೊಟ್ಟ ಐತಿ! ಯಾವ ಹುಚ್ಚ ಹೊಲದಾನ ಇದನ್ನ?"

ಅತ್ತೆ ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ. "ನೀವ ರೀ. ಹ್ವಾದ ದೀಪಾವಳಿಗೆ."

ಮಾವ ಕೈ ಚಾಚಿ ಆ ತೋಳನ್ನು ಮುಟ್ಟಿ ನೋಡಿದರು. "ಒಂದ ಮಾತ ಹೇಳಬಾರದೇನ? ಇದನ್ನ ಹಾಕ್ಕೊಂಡ ಊರ ತುಂಬ ಅಡ್ಡಾಡಿದಿ?"

"ಅಷ್ಟ ಖುಷೀಲೆ ಹೊಲದ ಕೊಟ್ಟಿದ್ರಿ" ಎಂದರು ಅತ್ತೆ.

ಮಾವ ಆ ಸೊಟ್ಟ ತೋಳಿಗೆ ಹಣೆ ಹಚ್ಚಿ ಅತ್ತುಬಿಟ್ಟರು. "ಕಣ್ಣಾಗ ನೀರ ತರಬಾರದ್ರೀ ಯಜಮಾನ್ರ, ನಿಲ್ಲಸ್ರಿ" ಎಂದು ನರ್ಸಮ್ಮ ಗದರಿಸುತ್ತಲೇ ಇದ್ದರು.