ಸ್ಪೇನಿನ ತಿಂಡಿ, ಮೈಸೂರಿನ ಮಾನ

ಕರ್ಜಿಕಾಯಿ ಮಾಡುವ ಮನೆತನದಲ್ಲಿ ಹುಟ್ಟಿದವನಿಗೆ ಎಂಪನಾಡ ಯಾವ ಲೆಕ್ಕ? ಮೈದಾ ಲಟ್ಟಿಸಿ, ಒಳಗೆ ಪಲ್ಯ ತುಂಬಿ, ಅರ್ಧಚಂದ್ರದಂತೆ ಅಂಚು ಮಡಚಿ ಬೇಯಿಸುವುದು. ಸ್ಪೇನಿನವರು ಅದಕ್ಕೊಂದು ಚಂದದ ಹೆಸರಿಟ್ಟಿದ್ದಾರೆ, ಅಷ್ಟೇ!

ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮಾತೇಯೊ ಸ್ಪೇನಿನವನು. ಊರಿನಿಂದ ಬಂದಿರುವ ಅಮ್ಮ ಸಿಡ್ನಿಯ ಊಟ ಸೇರದೆ ಸೊರಗುತ್ತಿದ್ದಾರೆಂದು ಒಂದು ದಿನ ಪೇಚಾಡಿಕೊಂಡ. ನನ್ನ ಕರುಣೆ ಉಕ್ಕಿತು. ಭಾನುವಾರ ಇಬ್ಬರನ್ನೂ ಎಪ್ಪಿಂಗಿನ ನಮ್ಮ ಮನೆಗೆ ಕರೆದೆ. ಎಂಪನಾಡದ ವಿಷಯ ಮಾತ್ರ ಗುಟ್ಟಾಗಿಟ್ಟೆ. ತಮ್ಮೂರಿನ ತಿಂಡಿ ಕಂಡು ಆ ತಾಯಿಯ ಕಣ್ಣು ತುಂಬಬೇಕು, ಅದನ್ನು ನಾನು ವಿನಯದಿಂದ ನೋಡಬೇಕು!

ಭಾನುವಾರ ಬೆಳಿಗ್ಗೆ ಹೆಂಡತಿ ಶುಭಾಳನ್ನು ಅಡುಗೆಮನೆಯಿಂದ ಸಗೌರವವಾಗಿ ಹೊರಹಾಕಿದೆ.

"ರೀ, ಅದು ಸೆಲ್ಫ್ ರೈಸಿಂಗ್ ಹಿಟ್ಟು, ತಾನಾಗೇ ಉಬ್ಬುತ್ತೆ. ಕೇಕ್‌ಗೆ ಅಂತ ತಂದಿದ್ದು!" ಬಾಗಿಲಿನಿಂದಲೇ ಕೂಗಿದಳು.

"ಮೈದಾ ಅಂದ್ರೆ ಮೈದಾ ಕಣೇ. ಡಿಸ್ಟರ್ಬ್ ಮಾಡ್ಬೇಡ."

"ಆ ಟೊಮ್ಯಾಟೊ ಪಲ್ಯ ಅಷ್ಟೊಂದು ನೀರಾಗಿದ್ಯಲ್ಲ?"

"ಒಳಗೆ ಹೋದ್ಮೇಲೆ ಯಾರಿಗೆ ಕಾಣುತ್ತೆ?"

ಎಲ್ಲರಿಗೂ ಕಂಡಿತು. ಓವನ್ನಿನ ಗಾಜಿನಾಚೆ ನನ್ನ ಎಂಪನಾಡಗಳು ಉಬ್ಬತೊಡಗಿದವು. ಮೊದಲು ಹೆಮ್ಮೆಯಾಯಿತು. ಆದರೆ ಅವು ಉಬ್ಬುವುದನ್ನು ನಿಲ್ಲಿಸಲಿಲ್ಲ. ಒಂದನ್ನೊಂದು ತಬ್ಬಿಕೊಂಡವು, ಬಾಯಿಬಿಟ್ಟವು, ಕೆಂಪು ರಸ ಕಾರಿದವು. ಕೊನೆಗೆ ಟ್ರೇಯಲ್ಲಿ ಉಳಿದದ್ದು ಒಂದೇ ಒಂದು ಎಂಪನಾಡ. ದಿಂಬಿನಷ್ಟಿತ್ತು! ಅದನ್ನು ಚಾಕುವಿನಿಂದ ತುಂಡು ಮಾಡುತ್ತಿರುವಾಗಲೇ ಬೆಲ್ ಆಯಿತು.

ಮಾತೇಯೊನ ತಾಯಿ ನಗುಮುಖದ ಹೆಂಗಸು. ಒಂದು ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಮಗನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಾನು ತಲೆ ತಗ್ಗಿಸಿದೆ.

"ಅಮ್ಮನಿಗೆ ತುಂಬ ಹಿಡಿಸ್ತಂತೆ," ಎಂದ ಮಾತೇಯೊ. "ಇಂಥ ಬ್ರೆಡ್ ಸ್ಪೇನಿನಲ್ಲಿ ಎಲ್ಲೂ ನೋಡೇ ಇಲ್ವಂತೆ. ನಿಮ್ಮೂರಿನ ಈ ತಿಂಡಿಗೆ ಏನಂತಾರೆ?"

ನಿಜ ಹೇಳಲು ಬಾಯಿ ತೆರೆದೆ.

"ಮೈಸೂರು ಬನ್," ಎಂದಳು ಶುಭಾ. ಗಂಡನ ಮಾನ ಉಳಿಯಿತು, ಊರಿನ ಮಾನ ಹೋಯಿತು.

ಮಾತೇಯೊನ ತಾಯಿ ಅದನ್ನು ಕಲಿಯಲೇಬೇಕೆಂದು ಎದ್ದರು. ಅಡುಗೆಮನೆಯಲ್ಲಿ ನಿಂತು, ನನ್ನ ಒಂದೊಂದು ತಪ್ಪನ್ನೂ ನಾನು ಸಂಪ್ರದಾಯವೆಂದು ಬೋಧಿಸಿದೆ. ಹಿಟ್ಟು ಸೆಲ್ಫ್ ರೈಸಿಂಗೇ ಆಗಬೇಕು, ಪಲ್ಯ ನೀರಾಗಿಯೇ ಇರಬೇಕು! ಶುಭಾ ಫ್ರಿಜ್ಜಿನ ಬಾಗಿಲು ತೆರೆದು, ಅದರೊಳಗೆ ಮುಖವಿಟ್ಟು ನಗುತ್ತಿದ್ದಳು.

"ಅಜ್ಜಿಯಿಂದ ಕಲಿತದ್ದಾ ಅಂತ ಕೇಳ್ತಿದ್ದಾರೆ," ಎಂದ ಮಾತೇಯೊ.

ಹೌದೆಂದುಬಿಟ್ಟೆ. ಪಾಪ, ನನ್ನಜ್ಜಿ! ಅಡುಗೆಯಲ್ಲಿ ಒಂದು ಹರಳು ಉಪ್ಪು ಹೆಚ್ಚಾದರೂ ನೊಂದುಕೊಳ್ಳುತ್ತಿದ್ದ ಜೀವ.

ತಾಯಿ ಸ್ಪೇನಿಗೆ ಮರಳಿದ ಮೇಲೆ ಮಾತೇಯೊ ಒಂದು ದಿನ ಕಂಪ್ಯೂಟರಿನಲ್ಲಿ ಫೋಟೊ ತೋರಿಸಿದ. ತಟ್ಟೆಯ ತುಂಬ ಹೊಂಬಣ್ಣದ ಅರ್ಧಚಂದ್ರಗಳು. ಅಂಚು ಜಡೆ ಹೆಣೆದಷ್ಟು ನಯ, ಒಂದೂ ಬಿರಿದಿಲ್ಲ, ಒಂದು ಹನಿಯೂ ಸೋರಿಲ್ಲ.

"ಅಮ್ಮ ಮಾಡಿದ ಮೈಸೂರು ಬನ್," ಎಂದ. "ಸಾರಿ ಹೇಳೋಕೆ ಹೇಳಿದ್ದಾರೆ. ಎಷ್ಟು ಸಲ ಮಾಡಿದ್ರೂ ನೀನು ಮಾಡಿದ ಹಾಗೆ ಬರ್ತಿಲ್ವಂತೆ."

"ಪರವಾಗಿಲ್ಲ," ಎಂದು ಕ್ಷಮಿಸಿದೆ. ಇನ್ನೇನು ಮಾಡಲಿ!