ಚೈನು, ಮಳೆ ಮತ್ತು ನಮ್ಮ ಮಾವನವರು

ನನ್ನನ್ನು ಸೋಮಾರಿ ಎನ್ನುವುದು ಸರಿಯಲ್ಲ. ಮಾಡಬೇಕಾದ ಕೆಲಸವನ್ನು ಚೆನ್ನಾಗಿ ತಿಳಿದುಕೊಂಡು, ಆಮೇಲೆ ಮಾಡದೇ ಇರುವವನು ನಾನು. ಮಳೆಯಲ್ಲಿ ಬೈಕ್ ಓಡಿಸಿದರೆ ಚೈನಿನ ಎಣ್ಣೆಯೆಲ್ಲ ತೊಳೆದುಹೋಗುತ್ತದೆ, ರಸ್ತೆಯ ಮರಳು ಬಂದು ಮೆತ್ತಿಕೊಳ್ಳುತ್ತದೆ. ಹಾಗಾಗಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ತಿಕ್ಕಬೇಕು, ಬಟ್ಟೆಯಲ್ಲಿ ಒರೆಸಬೇಕು, ಹಿಂದಿನ ಚಕ್ರ ತಿರುಗಿಸುತ್ತಾ ಹನಿಹನಿಯಾಗಿ ಆಯಿಲ್ ಬಿಡಬೇಕು. ಇದನ್ನು ನಾನು ಆಫೀಸಿನಲ್ಲಿ ಹತ್ತಾರು ಜನರಿಗೆ ಬೋಧಿಸಿದ್ದೇನೆ. ಅವರ ಬೈಕುಗಳೆಲ್ಲ ಚೆನ್ನಾಗಿದ್ದವು.

ತೊಂಬತ್ತರ ದಶಕದ ಕೊನೆಯಲ್ಲಿ, ಚಾಮರಾಜಪೇಟೆಯ ಬಾಡಿಗೆ ಮನೆಯಲ್ಲಿದ್ದಾಗಿನ ಮಾತು. ನನ್ನ ಸೆಕೆಂಡ್ ಹ್ಯಾಂಡ್ ಬೈಕಿನ ಚೈನ್ ಕವರ್ ಗಡಗಡ ಅನ್ನುತ್ತದೆಂದು ಬಿಚ್ಚಿ ಅಟ್ಟಕ್ಕೆ ಹಾಕಿಬಿಟ್ಟಿದ್ದೆ. ಆ ಶ್ರಾವಣದಲ್ಲಿ ಮಳೆ ಒಂದು ದಿನವೂ ರಜೆ ಹಾಕಲಿಲ್ಲ. ಚೈನು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದು, ಕಿರ್ರೋ ಎನ್ನತೊಡಗಿತು.

“ರೀ, ನೀವು ಮೂಲೇಲಿ ತಿರುಗಿದ್ರೆ ಅಡುಗೆಮನೆಗೆ ಕೇಳ್ಸುತ್ತೆ. ಪಕ್ಕದ್ಮನೆಯವ್ರು ನಿಮ್ಮ ಶಬ್ದ ಕೇಳೇ ಹಾಲು ಕಾಯಕ್ಕಿಡ್ತಾರೆ,” ಎಂದಳು ನನ್ನ ಹೆಂಡತಿ ಸುಮಾ.

“ಭಾನುವಾರ ಮಾಡ್ತೀನಿ,” ಅಂದೆ. ಯಾವ ಭಾನುವಾರ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಷ್ಟರಲ್ಲಿ ಸುಮಾಳ ತಂಗಿ ಗೀತಾಳಿಗೆ ಗಂಡು ಗೊತ್ತಾಗುವ ಹಂತ ಬಂತು. ಹುಡುಗ ಮಲ್ಲೇಶ್ವರದವನು, ಹೆಸರು ರವಿ. ಗೀತಾಳಿಗೆ ಒಪ್ಪಿಗೆಯಾಗಿತ್ತು, ಹುಡುಗನ ತಂದೆಗೆ ಮಾತ್ರ ಶಾಸ್ತ್ರ, ಸಮಯ ಎರಡೂ ಬಿಗಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು, ಅದಕ್ಕೆ ಮುಂಚೆ ಬಂದು ಮಾತು ಮುಗಿಸಬೇಕು ಎಂದು ಹೇಳಿಕಳಿಸಿದ್ದರು. ಹೋಗಬೇಕಾದವರು ನಾನು ಮತ್ತು ನಮ್ಮ ಮಾವನವರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರು, ಮಡಿಕೆ ಕೆಡದ ಬಿಳಿ ಪಂಚೆ ಉಟ್ಟು, ಕೊಡೆ ಹಿಡಿದು, ಒಂಬತ್ತೂವರೆಗೆಲ್ಲ ನಮ್ಮ ಬಾಗಿಲಲ್ಲಿ ನಿಂತಿದ್ದರು. ಜೊತೆಗೇ ಬಂದಿದ್ದ ಗೀತಾ ಮೆಲ್ಲಗೆ, “ಭಾವ, ದಯವಿಟ್ಟು ಲೇಟ್ ಮಾಡ್ಬೇಡಿ,” ಎಂದಳು.

“ಆಟೋ ಕರೆಯೋಣ್ವಾ?” ಎಂದರು ಮಾವ.

“ಬೈಕ್ ಇರೋವಾಗ ಆಟೋ ಯಾಕೆ ಮಾವ? ಅರ್ಧ ಗಂಟೇಲಿ ಮಲ್ಲೇಶ್ವರ!”

ಉಪ್ಪಾರಪೇಟೆ ತಲುಪುವಷ್ಟರಲ್ಲಿ ಮಳೆ ಜೋರಾಯಿತು. ಕಟಕಟ ಎಂದು ಸದ್ದಾಯಿತು. ಆಮೇಲೆ ಇಂಜಿನ್ ಕೂಗುತ್ತಲೇ ಇತ್ತು, ಬೈಕ್ ಮಾತ್ರ ಮುಂದೆ ಹೋಗಲೊಲ್ಲದು.

“ಅಳಿಯಂದ್ರೇ, ಏನೋ ಕೆಳಗೆ ಬಿತ್ತು ಅನ್ಸುತ್ತೆ,” ಎಂದರು ಹಿಂದಿನಿಂದ. “ಸದ್ಯ, ನಾನಲ್ಲ.”

ಚೈನು ಹಲ್ಲಿನ ಚಕ್ರದಿಂದ ಕಳಚಿ ನೇತಾಡುತ್ತಿತ್ತು. ಬೈಕನ್ನು ರಸ್ತೆ ಬದಿಯ ಲಾಡ್ಜೊಂದರ ಮುಂದೆ ತಳ್ಳಿ ನಿಲ್ಲಿಸಿ, ಮಳೆಗಾಲದಲ್ಲಿ ಚೈನು ಏಕೆ ಸಡಿಲವಾಗುತ್ತದೆ ಎಂಬುದನ್ನು ವಿವರಿಸಲು ಶುರುಮಾಡಿದೆ. ಮಾವ ಒಂದು ನಿಮಿಷ ಕೇಳಿದರು. ಆಮೇಲೆ ಕೊಡೆಯನ್ನು ನನ್ನ ಕೈಗೆ ಕೊಟ್ಟು, “ಇದನ್ನ ಹಿಡ್ಕೊಳ್ಳಿ, ಇಷ್ಟು ನಿಮಗೆ ಬರುತ್ತೆ,” ಎಂದು ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತೇಬಿಟ್ಟರು. ಮೂವತ್ತು ವರ್ಷ ಸೈಕಲ್ಲಿನಲ್ಲಿ ಕಚೇರಿಗೆ ಹೋಗಿಬಂದ ಕೈ. ಲಾಡ್ಜಿನ ಮೆಟ್ಟಿಲ ಮೇಲೆ ಮಳೆಗೆ ನಿಂತಿದ್ದವರಲ್ಲಿ ಒಬ್ಬ, “ಯಜಮಾನ್ರೇ, ನಿಮ್ಮ ಗ್ಯಾರೇಜ್ ಎಲ್ಲಿ?” ಎಂದು ಕೇಳಿದ. “ಸದ್ಯಕ್ಕೆ ಇಲ್ಲೇ,” ಎಂದರು ಮಾವ ತಲೆ ಎತ್ತದೆ. ಗೀತಾಳ ಮುಖ ನೆನೆದು ನಾನು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಾ ಒದ್ದಾಡುತ್ತಿದ್ದೆ. ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಒಂದೊಂದೇ ಹಲ್ಲಿಗೆ ಕೂರಿಸಿ, ಅವರು ಕೊನೆಗೂ ಚೈನನ್ನು ಏರಿಸಿದರು.

ಹುಡುಗನ ಮನೆ ತಲುಪಿದಾಗ ಹತ್ತೂಕಾಲು. ಬೀಗರಾಗಬೇಕಾದವರು ಕೈಮುಗಿದು ಬಾಗಿಲಿಗೆ ಬಂದರು. ನಾವೂ ಕೈಮುಗಿದೆವು. ಮಾವನವರ ಎರಡು ಕೈಗಳೂ ಕಾಡಿಗೆ ಕರಡಿಗೆಯಿಂದ ಎದ್ದು ಬಂದಂತಿದ್ದವು, ಪಂಚೆಯ ಮೇಲೆ ಐದೂ ಬೆರಳು ಮೂಡಿದ್ದವು. ಹುಡುಗನ ತಂದೆಯ ಹುಬ್ಬು ಗಂಟಾಯಿತು.

ಒಳಗಿಂದ ಬಂದ ರವಿ ಕೈಗಳನ್ನು ನೋಡಿದ, ಹೊರಗಿದ್ದ ಬೈಕನ್ನು ನೋಡಿದ. “ಚೈನ್ ಬಿತ್ತಾ ಸಾರ್? ಹಿತ್ಲಿಗೆ ಬನ್ನಿ,” ಎಂದು ಮಾವನವರನ್ನು ಕರೆದೊಯ್ದು, ತೆಂಗಿನೆಣ್ಣೆಗೆ ಸಕ್ಕರೆ ಬೆರೆಸಿ ಕೈಗೆ ತಿಕ್ಕಿ, ಬಿಸಿನೀರು ಹಾಕಿ ತೊಳೆಸಿದ. ನಮ್ಮ ಮಾತು ನಡೆಯುತ್ತಿದ್ದಾಗ ರೇನ್‌ಕೋಟ್ ಹಾಕಿಕೊಂಡು ಹೋಗಿ ಚೈನನ್ನು ಬಿಗಿಮಾಡಿ ಎಣ್ಣೆಯನ್ನೂ ಬಿಟ್ಟು ಬಂದ. ಮಾವ ಅವನ ಸಂಬಳ ಕೇಳಲಿಲ್ಲ, ಬಡ್ತಿಯ ವಿಷಯ ಎತ್ತಲಿಲ್ಲ. “ನಮಗೆ ಪೂರ್ತಿ ಒಪ್ಪಿಗೆ,” ಎಂದುಬಿಟ್ಟರು. ಅವರ ಆತುರ ಕಂಡು ಹುಡುಗನ ತಂದೆಯ ಮುಖವೂ ಅರಳಿತು. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು.

ಗೀತಾಳ ಮದುವೆಗೆ ನನ್ನ ಚೈನೇ ಕಾರಣ ಎಂದು ನಾನು ಆಗಾಗ ಹೇಳುವುದುಂಟು. ಯಾರೂ ಒಪ್ಪುವುದಿಲ್ಲ. ಮಾವನವರಂತೂ ಆಮೇಲೆ ಎಲ್ಲಿಗೆ ಹೋಗುವುದಿದ್ದರೂ ಕಿರಿಯ ಅಳಿಯನ ಬೈಕನ್ನೇ ಹತ್ತತೊಡಗಿದರು. ನನಗೇನೂ ಬೇಜಾರಿಲ್ಲ ಎಂದು ಸುಮಾಳಿಗೆ ನಾಲ್ಕು ಸಲ ಹೇಳಿದೆ. ಐದನೆಯ ಸಲ ಅವಳು ನಕ್ಕಳು.

ಮರುವರ್ಷದ ಮಳೆಗಾಲದಲ್ಲಿ ಒಂದು ಭಾನುವಾರ, ಬೆಳಿಗ್ಗೆಯಿಂದ ಕೂತು ಚೈನಿನ ಕೊಂಡಿಕೊಂಡಿಯನ್ನೂ ತಿಕ್ಕಿ, ಒರೆಸಿ, ಎಣ್ಣೆ ಹಾಕಿದೆ. ಮಧ್ಯಾಹ್ನ ಊಟಕ್ಕೆ ಬಂದಿದ್ದ ಮಾವ ಹೊರಡುವಾಗ, “ಬನ್ನಿ ಮಾವ, ನಾನೇ ಬಿಡ್ತೀನಿ,” ಎಂದೆ. ಅವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಚೈನನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

“ಭೇಷ್! ಬಂಗಾರದ ಸರದ ಹಾಗಿದೆ,” ಎಂದರು. ಆಮೇಲೆ ಆಕಾಶ ನೋಡಿ, “ಮೋಡ ಆಗಿದೆ ಅಳಿಯಂದ್ರೇ. ಇಷ್ಟು ಕಷ್ಟಪಟ್ಟಿದೀರ, ಯಾಕೆ ನೆನೆಸ್ತೀರಿ? ಒಳಗಿಡಿ,” ಎಂದು ಕೊಡೆ ಬಿಚ್ಚಿ, ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು.